ಏಳು ಪಾಯಿಂಟ್ ಒಂದು

ಶುಕ್ರವಾರ ಬೆಳಿಗ್ಗೆ ಚಹಾದ ಹೊತ್ತಿಗೆ
ರೂಮಿನ ಪಂಚಾಯ್ತಿಯಲ್ಲಿ ತೀರ್ಮಾನವಾಯಿತು:
ಸುಕೇಶನಿಗೆ ಹೆಡ್‌ಸೆಟ್ ಕೊಡಿಸುವುದು, ತಲೆಗೆ ಅರ್ಧ ರಿಯಾಲ್.
ನಮ್ಮ ನಿದ್ದೆಗೆ ನಾವೇ ಎತ್ತಿದ ಚಂದಾ.

ರಾತ್ರಿಪಾಳಿಯ ಥಾಪಾ ಕೇಳಿದ,
ನಾನು ಮಲಗುವುದೇ ಹಗಲಲ್ಲಿ, ನನಗೇಕೆ ಇದು?
ಕೇಳಿದ ಮೇಲೆ ಕೊಟ್ಟ.
ಚಿಲ್ಲರೆ ಚಾಚಿದರೆ ಬೇಡವೆಂದು ಮುಸುಕೆಳೆದ.

ಇಸ್ತ್ರಿಯವನು ನಾನು, ಲೆಕ್ಕ ಬಲ್ಲವನೆಂದು ಖಜಾಂಚಿ.
ಹುಡುಗನನ್ನು ಕರಕೊಂಡು ಹೊರಟೆ.
ರೂವಿಯ ಒಳದಾರಿಯಲ್ಲಿ ಸಂಜೆಯಾದರೂ
ಗೋಡೆಗಳಿಗೆ ಕಾವಲಿಯ ಕಾವು.
ಆ ಅಂಗಡಿಗೇ ಯಾಕೆ ನುಗ್ಗಿದಿರಿ ಎಂದರೆ
ಅಲ್ಲಿ ಏಸಿ ಇತ್ತು, ಅಷ್ಟೇ.

ಅವನ ಕಣ್ಣು ಮೊದಲು ಬಿದ್ದದ್ದು ವಯರಿಲ್ಲದ್ದರ ಮೇಲೆ.
ಚಾರ್ಜ್ ಎಲ್ಲಿ ಮಾಡ್ತೀ ಎಂದೆ.
ಎಂಟು ಜನಕ್ಕೆ ಎರಡು ಪ್ಲಗ್ಗು, ಒಂದು ರೈಸ್ ಕುಕ್ಕರಿನ ಸ್ವಂತ ಆಸ್ತಿ.
ಇನ್ನೊಂದಕ್ಕೆ ಪಾಳಿ ಬರೆದು ಗೋಡೆಗೆ ಅಂಟಿಸಿದ್ದೇವೆ,
ಸುಕೇಶನದು ನಸುಕಿನ ಮೂರೂವರೆ.
ವಯರಿನದ್ದಾದರೆ ಬೇರೆ ಎಲೆ ಹಾಕಬೇಕಿಲ್ಲ,
ಲ್ಯಾಪ್‌ಟಾಪಿನ ಎಂಜಲಿನಲ್ಲೇ ಬದುಕುತ್ತದೆ.

ಒಂದಕ್ಕೆ ಕಿವಿಯ ಹೊರಗೆ ಬಣ್ಣದ ದೀಪ.
ಹಾಕಿಕೊಂಡವನಿಗೆ ಕಾಣದು,
ಮಲಗಿದವರ ರೆಪ್ಪೆಗೆ ಕುಕ್ಕುವುದು.
ಎತ್ತಿಡಪ್ಪಾ ಅದನ್ನು.

ಇನ್ನೊಂದರ ಮೆತ್ತೆಯನ್ನು ಬೆರಳಲ್ಲಿ ಉಜ್ಜಿ ನೋಡಿದೆ.
ಹನ್ನೊಂದು ವರ್ಷ ಕಂಡವರ ಕಾಲರ್ ಉಜ್ಜಿದ ಬೆರಳು ಇದು.
ಚರ್ಮವಲ್ಲ ಮಾರಾಯ, ಚರ್ಮದ ವೇಷ.
ಜೂನಿನಲ್ಲಿ ಬೆವರು ಕುಡಿದು
ಆಗಸ್ಟಿಗೆ ಹಪ್ಪಳದ ಹಾಗೆ ಏಳುತ್ತದೆ,
ಬೆಳಗಾದರೆ ಕೆನ್ನೆ ತುಂಬ ಕಪ್ಪು ಹೊಟ್ಟು.
ಬಟ್ಟೆಯದು ಇದ್ದರೆ ತೋರಿಸು.

ಬಟ್ಟೆಯದರ ಡಬ್ಬದ ಮೇಲೆ ದಪ್ಪಕ್ಕೆ ಬರೆದಿತ್ತು,
ಏಳು ಪಾಯಿಂಟ್ ಒಂದು.
ಸುತ್ತ ಏಳು ಕಡೆಯಿಂದ ಸದ್ದು,
ಅಡಿಯಿಂದ ಒಂದು ಗುಡುಗು ಎಂದ ಅಂಗಡಿಯವ.
ನಮ್ಮ ರೂಮೇ ಅಲ್ಲವೋ ಎಂದೆ,
ಏಳು ಗೊರಕೆ, ಇವನೊಬ್ಬ ಗುಡುಗು!
ಸುಕೇಶ ನಕ್ಕ. ಈ ರೇಟಿಗೆ ಅದು ಡಬ್ಬದ ಮೇಲಷ್ಟೇ ಅಣ್ಣ,
ಇರುವುದು ಎರಡು ಕಿವಿ, ಎರಡು ಸದ್ದು.
ಹೆಜ್ಜೆ ಎಡದ್ದೋ ಬಲದ್ದೋ ತಿಳಿದರೆ ಸಾಕು,
ಬದುಕಿಕೊಳ್ತೇನೆ.

ಮೈಕು ಪರೀಕ್ಷೆ.
ಗೋಡೆಗೆ ಮುಖಮಾಡಿ ಏನೋ ಹೇಳಿದ,
ಅಂಗಡಿಯವ ಅದನ್ನು ಹಿಡಿದು ನನ್ನ ಕಿವಿಗೆ ಹಾಕಿದ.
ಕೇಳ್ತದಾ? ನಾನು ಸುಕೇಶ, ಗಂಗೊಳ್ಳಿ. ಕೇಳ್ತದಾ?
ಎಂಟು ತಿಂಗಳು ನನ್ನ ತಲೆಯ ಮೇಲೇ ಮಲಗಿದ ಹುಡುಗ
ಇಷ್ಟು ಹತ್ತಿರ ಮಾತಾಡಿದ್ದು ಇದೇ ಮೊದಲು.
ಕೇಳ್ತದೆ ಎಂದೆ, ತುಸು ಜೋರಾಗಿಯೇ.

ಆರೂಕಾಲು ಹೇಳಿದ್ದು ಐದೂವರೆಗೆ ಇಳಿಯಿತು,
ಅದರಲ್ಲಿ ಎರಡು ಅವನದೇ.

ಆ ರಾತ್ರಿ ಬಂದೂಕುಗಳೆಲ್ಲ ಸುಮ್ಮನಾದವು.
ಮೇಲಿನ ಮಂಚದಿಂದ ವಯರು ಇಳಿಬಿದ್ದು
ನನ್ನ ಮೂಗಿನ ಮುಂದೆ ತೂಗುತ್ತಿತ್ತು.
ಬಾಯಿ ಮಾತ್ರ ಉಳಿದಿತ್ತು,
ಅದನ್ನು ನಾವು ಲೆಕ್ಕಕ್ಕೇ ಹಿಡಿದಿರಲಿಲ್ಲ.
ಕಿವಿ ಮುಚ್ಚಿದವನಿಗೆ ತನ್ನ ದನಿಯ ಅಳತೆ ಎಲ್ಲಿಂದ ಬರಬೇಕು?
ಹಿಂದೆ! ಹಿಂದೆ ಇದ್ದಾನೆ! ಎಂದು ಕೂಗಿದ.
ಫೆಲಿಕ್ಸ್ ಎದ್ದು ಕೂತು ಹಿಂದೆ ನೋಡಿದ.

ಎರಡು ಗಂಟೆಯಿರಬೇಕು,
ತಗ್ಗಿದ ದನಿಯಲ್ಲಿ ಅಂದ,
ನೀನು ಓಡು. ನಾನಿಲ್ಲಿ ನಿಂತಿರ್ತೇನೆ. ಓಡು.

ಯಾರಿಗೆ, ಯಾವ ಊರಿನವನಿಗೆ, ಗೊತ್ತಿಲ್ಲ.
ಗೊರಕೆಗಳು ಒಂದೊಂದೇ ನಿಂತವು.
ತುಂಬ ಹೊತ್ತಾದ ಮೇಲೆ ಕತ್ತಲಲ್ಲಿ ಹನೀಫಾಕ ಕೇಳಿದರು,
ಓಡಿದನಾ?
ಮೇಲೆ ಉತ್ತರವಿಲ್ಲ. ವಯರನ್ನು ಬೆರಳಲ್ಲಿ ಹಿಡಿದುಕೊಂಡೆ,
ಎಳೆಯಲಿಲ್ಲ.

ಆರಕ್ಕೆ ಥಾಪಾ ಬಂದ, ಬೂಟು ಬಿಚ್ಚುತ್ತ,
ನನ್ನ ದುಡ್ಡು ಕೆಲಸ ಮಾಡಿತಾ ಎಂದ.
ಅರ್ಧ ಮಾಡಿತು ಎಂದೆ.
ಇನ್ನರ್ಧ ಅವನ ಕಿವಿಯೊಳಗೇ ಉಳಿದುಹೋಯಿತು.